ಬೀಜಕ್ಕೆ ಬಿಟ್ಟದ್ದು

ದೊಡ್ಡಮ್ಮ ತಂಗಿಯ ಮನೆಗೆ ಹೋಗಿ ಎಂಟು ದಿನವಾಗಿತ್ತು. ಆ ಎಂಟು ದಿನವೂ ನಾನು ಮೂಲಂಗಿ ತಿಂದುಕೊಂಡಿದ್ದೆ.

ಹಿತ್ತಲಲ್ಲಿ ಬೇರೇನೂ ಇರಲಿಲ್ಲವೆಂದಲ್ಲ. ಬೆಂಡೆ, ಬೀನ್ಸ್, ಬದನೆ, ಸೌತೆ ಎಲ್ಲವೂ ಪೈಪೋಟಿಯ ಮೇಲೆ ಕಾಯಿ ಬಿಟ್ಟಿದ್ದವು. ಆದರೆ ಒಂದೊಂದು ಗಿಡದ ಕಾಂಡಕ್ಕೂ ಒಂದೊಂದು ದಾರ ಕಟ್ಟಿತ್ತು. ನಮ್ಮ ಮನೆಯಲ್ಲಿ ದಾರ ಕಟ್ಟಿದ್ದೆಂದರೆ ಬೀಜಕ್ಕೆ ಬಿಟ್ಟದ್ದು. ಅದನ್ನು ಯಾರೂ ಕೀಳುವಂತಿಲ್ಲ. ನನ್ನನ್ನು ಸಾಕಿದ ಮೂವತ್ತು ವರ್ಷಗಳಲ್ಲಿ ದೊಡ್ಡಮ್ಮ ಅನೇಕ ಕಾನೂನು ಮಾಡಿ ಅನೇಕವನ್ನು ಮರೆತಿದ್ದಾಳೆ, ಇದೊಂದನ್ನು ಮರೆತಿಲ್ಲ. ಏಳನೇ ವಯಸ್ಸಿನಲ್ಲಿ ದಾರ ಕಟ್ಟಿದ ಸೌತೆಕಾಯಿಯೊಂದನ್ನು ಕಿತ್ತು ತಿಂದದ್ದಕ್ಕೆ ಅವಳು ನನ್ನ ಜೊತೆ ಮೂರು ದಿನ ಮಾತು ಬಿಟ್ಟಿದ್ದಳು.

ಇನ್ನೊಂದು ಕಾನೂನು, ಅಂಗಡಿಯ ತರಕಾರಿ ಹೊಸ್ತಿಲು ದಾಟಬಾರದು. ನೆಲ ಕೊಟ್ಟದ್ದನ್ನು ತಿನ್ನಬೇಕು, ಕೊಡದಿದ್ದರೆ ಸುಮ್ಮನಿರಬೇಕು. ಮೂಲಂಗಿಗೆ ದಾರ ಕಟ್ಟಲು ಕಾಂಡವೇ ಇರುವುದಿಲ್ಲವಾದ್ದರಿಂದ ಅದೊಂದು ನನ್ನ ಪಾಲಿಗೆ ಉಳಿದಿತ್ತು.

ಒಂಬತ್ತನೇ ದಿನ ಬೆಳಿಗ್ಗೆ ದೊಡ್ಡಮ್ಮ ಬಂದಳು. ಚೀಲವನ್ನು ಜಗಲಿಯ ಮೇಲಿಟ್ಟು ನೇರ ಹಿತ್ತಲಿಗೆ ಹೋದಳು. ನಾನು ಜಗಲಿಯಲ್ಲಿ ಹಳೆಯ ಕುರ್ಚಿಯೊಂದಕ್ಕೆ ಬೆತ್ತ ಹೆಣೆಯುತ್ತ ಕೂತಿದ್ದೆ. ಅದು ನನ್ನ ಕಸುಬು. ಜನ ಬಿಸಾಡಲು ಹೊರಟ ಕುರ್ಚಿಗಳನ್ನು ತಂದು, ಇನ್ನಿಪ್ಪತ್ತು ವರ್ಷ ಕೂರುವ ಹಾಗೆ ಮಾಡಿ ಕೊಡುತ್ತೇನೆ.

"ಏನೋ ಇದು!" ಎಂದು ಹಿತ್ತಲಿನಿಂದ ಕೂಗು ಬಂತು. "ಬೆಂಡೆಕಾಯಲ್ಲಿ ಮೊಳೆ ಹೊಡೀಬಹುದು, ಅಷ್ಟು ಬಲಿತಿದೆ! ಸೌತೆಕಾಯಿ ಹಣ್ಣಾಗಿದೆ! ಕಣ್ಣು ಎಲ್ಲಿಟ್ಟಿದ್ದೆ?"

ನಾನು ಓಡಿದೆ. "ನೀನೇ ದಾರ ಕಟ್ಟಿ ಹೋಗಿದ್ಯಲ್ಲ!"

"ನಾನಾ? ಇಡೀ ಹಿತ್ತಲನ್ನೇ ಬೀಜಕ್ಕೆ ಬಿಡೋಕೆ ನಂಗೇನು ತಲೆ ಕೆಟ್ಟಿದ್ಯಾ?"

ಇಬ್ಬರೂ ದಾರಗಳನ್ನು ನೋಡಿದೆವು. ಅವು ದೊಡ್ಡಮ್ಮ ಹಳೆ ಬಟ್ಟೆ ಹರಿದು ದಾರದ ಹಾಗೆ ಕಟ್ಟುವ ಚಿಂದಿಗಳಾಗಿರಲಿಲ್ಲ. ನೂಲಿನ ದಾರಗಳು, ಎಲ್ಲ ಹಸಿರು, ಒಂದೊಂದು ಒಂದೊಂದು ಬಗೆಯ ಹಸಿರು.

ಆಗ ಹಿಂದಿನ ಶೆಡ್ಡಿನ ಬಾಗಿಲು ತೆರೆಯಿತು. ಶೆಡ್ಡನ್ನು ದೊಡ್ಡಮ್ಮ ಹದಿನೈದು ದಿನದ ಹಿಂದಷ್ಟೇ ಬಾಡಿಗೆಗೆ ಕೊಟ್ಟಿದ್ದಳು, ನೂಲಿಗೆ ಬಣ್ಣ ಹಾಕುವವಳೊಬ್ಬಳಿಗೆ. ನಾನು ಅವಳನ್ನು ಅಲ್ಲಿಯವರೆಗೆ ಎರಡೇ ಸಲ ನೋಡಿದ್ದೆ, ಎರಡೂ ಸಲ ಬೆನ್ನು. ಈಗ ಮುಖ ಕಾಣಿಸಿತು. ಅದಕ್ಕಿಂತ ಮೊದಲು ಕೈ ಕಾಣಿಸಿತು. ಮೊಣಕೈವರೆಗೂ ನೀಲಿ.

"ಏನಾದ್ರೂ ತೊಂದ್ರೆ ಆಯ್ತಾ?" ಎಂದಳು. "ದಾರ ನಂದೇ. ಬಿಸಿಲಲ್ಲಿ ಕಟ್ಟಿಕೊಳ್ಳಲಾ ಅಂತ ದೊಡ್ಡಮ್ಮನ್ನ ಕೇಳಿದ್ದೆ. ಎಲ್ಲಿ ಬೇಕಾದ್ರೂ ಕಟ್ಟಿಕೋ ಅಂದ್ರು."

"ಬಟ್ಟೆ ಒಣಗಿಸೋ ಹಗ್ಗಕ್ಕೆ ಅಂದ್ಕೊಂಡೆ ಕಣಮ್ಮಾ ನಾನು," ಎಂದಳು ದೊಡ್ಡಮ್ಮ. ದನಿ ಆಗಲೇ ಅರ್ಧ ಇಳಿದಿತ್ತು.

ನಾನು ನಮ್ಮ ಮನೆಯ ದಾರದ ಕಾನೂನನ್ನು ಅವಳಿಗೆ ಹೇಳಿದೆ. ಮೂಲಂಗಿಯ ವಿಷಯ ಹೇಳಬೇಕಾದ ಅಗತ್ಯವಿರಲಿಲ್ಲ, ಆದರೂ ಹೇಳಿದೆ.

"ಎಂಟು ದಿನಾನೂ?"

"ಎಂಟು ದಿನಾನೂ."

ಅವಳು ನೀಲಿ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. ನಗು ತಡೆಯಲು ಹಿಡಿದದ್ದು, ತಡೆಯಲಿಲ್ಲ. ಕೈ ತೆಗೆದಾಗ ಗಲ್ಲದ ಮೇಲೆ ನಾಲ್ಕು ನೀಲಿ ಬೆರಳಿನ ಗುರುತಿತ್ತು. ಅದನ್ನು ಅವಳಿಗೆ ಹೇಳಬೇಕಿತ್ತು. ನಾನು ಹೇಳಲಿಲ್ಲ. ಅವಳು ಸಂಜೆಯವರೆಗೂ ಹಾಗೇ ಓಡಾಡಿದಳು, ನಾನು ಸಂಜೆಯವರೆಗೂ ನೋಡಿದೆ.

*

ಆ ದಾರಗಳು ಅವಳಿಗೆ ಯಾಕೆ ಬೇಕಾಗಿದ್ದವು ಎಂಬುದು ಮರುದಿನ ಗೊತ್ತಾಯಿತು.

ರೈಲಿನಲ್ಲಿ ಒಂದು ಹಗಲು ಹೋದರೆ ಸಿಗುವ ಊರಿನಲ್ಲಿ ನೇಕಾರರ ಸಂಘವೊಂದಿತ್ತು. ಅಲ್ಲಿ ಬಣ್ಣದ ಮನೆ ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು. ಇವಳು ಆರು ವರ್ಷದಿಂದ ಅಂಥದ್ದೊಂದು ಜಾಗಕ್ಕಾಗಿ ಕಾದಿದ್ದಳು. ಅವರ ಷರತ್ತು ಒಂದೇ. ಗಿಡ, ಸಿಪ್ಪೆ, ಬೇರುಗಳಿಂದ ಮಾಡಿದ, ಬಿಸಿಲಿಗೆ ಮಾಸದ ಹಸಿರು ಬೇಕು. ನೂಲನ್ನು ನಲವತ್ತು ದಿನ ಬಿಸಿಲಲ್ಲಿಟ್ಟು, ಅರ್ಧ ಭಾಗ ಮುಚ್ಚಿ ಅರ್ಧ ಭಾಗ ಬಿಟ್ಟು, ಆಮೇಲೆ ಎರಡನ್ನೂ ಪಕ್ಕಪಕ್ಕ ಕಳಿಸಬೇಕು.

"ಹಸಿರು ಎಲೆ ಬೇಯಿಸಿದ್ರೆ ಆಗಲ್ವಾ?" ಎಂದು ಕೇಳಿದೆ.

"ಎಲ್ಲಾರೂ ಅದನ್ನೇ ಕೇಳ್ತಾರೆ ಕುರ್ಚಿಯವರೇ. ಹಸಿರು ಎಲೆ ಹಸಿರು ಕೊಡಲ್ಲ. ಕೆಸರಿನ ಬಣ್ಣ ಕೊಡುತ್ತೆ. ಮೊದಲು ಹಳದಿ ಹಾಕಿ, ಅದರ ಮೇಲೆ ನೀಲಿ ಅದ್ದಬೇಕು."

ಕುರ್ಚಿಯವರೇ ಎಂದು ನನ್ನನ್ನು ಕರೆದದ್ದು ಅದೇ ಮೊದಲು. ದೊಡ್ಡಮ್ಮ ಅವಳನ್ನು ಬಣ್ಣದವಳು ಎನ್ನುತ್ತಿದ್ದಳು. ಹೆಸರುಗಳು ನಮಗೆ ಗೊತ್ತಿರಲಿಲ್ಲವೆಂದಲ್ಲ, ಅವುಗಳ ಅಗತ್ಯ ಬೀಳಲಿಲ್ಲ.

ಗಿಡಕ್ಕೆ ಕಟ್ಟಿದ್ದ ದಾರಗಳನ್ನೆಲ್ಲ ಬಿಚ್ಚಿ, ಹೊಸದಾಗಿ ಶುರು ಮಾಡುವುದೆಂದು ತೀರ್ಮಾನವಾಯಿತು. ನಾನು ಶೆಡ್ಡಿನ ಮೂಲೆಯಿಂದ ಗೋಡೆಯ ಪಕ್ಕದ ಕಂಬದವರೆಗೆ ಹಗ್ಗ ಕಟ್ಟಿಕೊಟ್ಟೆ. ಹಿತ್ತಲಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲಿರುವ ಜಾಗ ಅದೊಂದೇ. ಉಳಿದ ಬೆತ್ತದ ತುಂಡುಗಳಿಂದ ಅಂಗೈ ಅಗಲದ ಐದು ಚೌಕಟ್ಟುಗಳನ್ನೂ ಮಾಡಿಕೊಟ್ಟೆ. ಅವಳು ಐದು ಬಗೆಯ ಹಸಿರು ನೂಲನ್ನು ಅವಕ್ಕೆ ಸುತ್ತಿ, ಅರ್ಧಕ್ಕೆ ದಪ್ಪ ಕಾಗದ ಹೊದಿಸಿ ಹಗ್ಗಕ್ಕೆ ನೇತುಹಾಕಿದಳು.

"ಇಷ್ಟು ಚೆನ್ನಾಗಿ ಮಾಡೋದೇನೂ ಬೇಕಿರ್ಲಿಲ್ಲ," ಎಂದಳು ಚೌಕಟ್ಟನ್ನು ತಿರುಗಿಸಿ ನೋಡುತ್ತ.

"ಕೆಟ್ಟದಾಗಿ ಮಾಡೋಕೂ ಅಷ್ಟೇ ಹೊತ್ತು ಬೇಕು."

ಅವಳು ಚೌಕಟ್ಟಿನ ಮೇಲಿನಿಂದ ಕಣ್ಣೆತ್ತಿ ನನ್ನನ್ನು ನೋಡಿದಳು, ಹೆಣಿಗೆ ಬಿಗಿಯಾಗಿದೆಯೇ ಎಂದು ಪರೀಕ್ಷಿಸುವ ಗಿರಾಕಿಯ ಹಾಗೆ. ನಾನು ಹಗ್ಗದ ಗಂಟನ್ನು ಮತ್ತೊಮ್ಮೆ ಬಿಗಿ ಮಾಡಿದೆ. ಅದು ಆಗಲೇ ಬಿಗಿಯಾಗಿತ್ತು.

*

ಆಮೇಲಿನ ದಿನಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ನಾನು ಆ ದಿನಗಳನ್ನು ಈಗಲೂ ಒಂದೊಂದಾಗಿ ಹೇಳಬಲ್ಲೆ.

ಈರುಳ್ಳಿ ಸಿಪ್ಪೆಯ ಜಗಳ ನಡೆಯಿತು. ಅವಳ ಹಳದಿಗೆ ಸಿಪ್ಪೆ ಬೇಕು, ದೊಡ್ಡಮ್ಮನ ಗೊಬ್ಬರದ ಗುಂಡಿಗೂ ಸಿಪ್ಪೆ ಬೇಕು. ಎರಡು ದಿನ ಇಬ್ಬರೂ ಬುಟ್ಟಿಯ ಎರಡು ಕಡೆ ಹಿಡಿದುಕೊಂಡು ವಾದ ಮಾಡಿದರು. ಕೊನೆಗೆ ಸಿಪ್ಪೆ ಮೊದಲು ಅವಳ ಹಂಡೆಯಲ್ಲಿ ಬೇಯುವುದು, ಬಣ್ಣ ಬಿಟ್ಟ ಮೇಲೆ ಗುಂಡಿಗೆ ಬರುವುದು ಎಂದು ರಾಜಿಯಾಯಿತು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ," ಎಂದಳು ದೊಡ್ಡಮ್ಮ. "ನಿನ್ನ ಕೈ ನೀಲಿ. ಬಾಯಿಗೆ ಏನು ಬೀಳುತ್ತೋ!"

"ನಿಮ್ಮ ಹಿತ್ತಲಿನ ಬೆಂಡೆಕಾಯಿ ಬಿದ್ರೆ ಸಾಕು ದೊಡ್ಡಮ್ಮ. ಎಳೇದು."

ದೊಡ್ಡಮ್ಮ ಅವಳಿಗೆ ಎರಡು ಮೊಳ ಅಗಲದ ಒಂದು ಮಡಿ ಬಿಟ್ಟುಕೊಟ್ಟಳು. ಅಂಗಡಿಯಿಂದ ತಂದು ತಿನ್ನುವವರನ್ನು ಕಂಡರೆ ಅವಳಿಗೆ ಕರುಣೆ. ಬಣ್ಣದವಳು ಅದರಲ್ಲಿ ಏನು ಬಿತ್ತಲಿ ಎಂದು ನನ್ನನ್ನು ಕೇಳಿದಳು. ಏನು ಬೇಕಾದರೂ ಬಿತ್ತಿ, ಮೂಲಂಗಿ ಒಂದು ಬೇಡ ಎಂದೆ. ಅವಳು ಮೂಲಂಗಿಯನ್ನೇ ಬಿತ್ತಿದಳು. ಮೊಳಕೆ ಬಂದ ದಿನ ನನ್ನನ್ನು ಕರೆದು ತೋರಿಸಿ, "ನಿಮಗೇ," ಎಂದಳು.

ಬೆಳಿಗ್ಗೆ ಏಳು ಗಂಟೆಗೆ ಅವಳು ಚೌಕಟ್ಟುಗಳನ್ನು ನೋಡಲು ಕಂಬದ ಹತ್ತಿರ ಬರುತ್ತಿದ್ದಳು. ನಾನು ಅದೇ ಹೊತ್ತಿಗೆ ಗಿಡಕ್ಕೆ ನೀರು ಹಾಕುತ್ತಿದ್ದೆ. ಮೊದಲು ಆರಕ್ಕೇ ಹಾಕುತ್ತಿದ್ದೆ ಎಂಬುದನ್ನು ದೊಡ್ಡಮ್ಮ ಗಮನಿಸಿದ್ದಳೋ ಏನೋ, ಬಾಯಿ ಬಿಡಲಿಲ್ಲ. ಒಂಬತ್ತಕ್ಕೆ ಅವಳು ಶೆಡ್ಡು ಸೇರಿದರೆ ಸಂಜೆ ಐದರವರೆಗೆ ನೀಲಿ ಬಣ್ಣ ಹುದುಗಿಸುವ ತೊಟ್ಟಿಯ ಪಕ್ಕದಿಂದ ಏಳುವ ಹಾಗಿರಲಿಲ್ಲ. ತೊಟ್ಟಿ ಬಹಳ ಮುಂಗೋಪಿ, ಸ್ವಲ್ಪ ಬಿಸಿ ಹೆಚ್ಚಾದರೆ ಕೆಟ್ಟುಹೋಗುತ್ತದೆ ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಗೋಡೆಯ ಬುಡದಲ್ಲಿದ್ದ ತುಪ್ಪದ ಹೀರೆಯ ಬಳ್ಳಿ ಹೂ ಬಿಟ್ಟಿತು. ಆ ಹೀರೆಯನ್ನು ನಾವು ಎಳೆಯದಾಗಿದ್ದಾಗ ತಿನ್ನುತ್ತೇವೆ, ಬಲಿತು ಒಣಗಿದ್ದನ್ನು ಮೈ ಉಜ್ಜಲು ಇಟ್ಟುಕೊಳ್ಳುತ್ತೇವೆ. ಅವಳು ಹೂವಿನ ಮುಂದೆ ಬಹಳ ಹೊತ್ತು ಬಗ್ಗಿ ನಿಂತಳು.

"ಈ ಹಳದಿ ನೋಡಿ. ಆರು ವರ್ಷ ಆಯ್ತು, ನನ್ನ ಯಾವ ಹಂಡೇಲೂ ಇದು ಬಂದಿಲ್ಲ."

ಅಷ್ಟೇ ಅವಳು ಹೇಳಿದ್ದು. ಅಂದು ಸಂಜೆ ನಾನು ಬಳ್ಳಿಯ ತುದಿಯನ್ನು ಗೋಡೆಯಿಂದ ಬಿಡಿಸಿ, ಅವಳ ಹಗ್ಗ ಕಟ್ಟಿದ್ದ ಕಂಬಕ್ಕೆ ಹಬ್ಬಿಸಿದೆ. ಬೆಳಿಗ್ಗೆ ಅವಳು ಬಂದು ನಿಲ್ಲುವ ಜಾಗದಲ್ಲೇ ಹೂ ಅರಳಲಿ ಎಂದು. ಬಳ್ಳಿಗೆ ಅದು ಇಷ್ಟವಾಯಿತು. ದಿನಕ್ಕೊಂದು ಗೇಣು ಬೆಳೆದು ಕಂಬ ಹತ್ತಿ, ಹಗ್ಗದ ಮೇಲೆ ಹಾದು ಹೋಯಿತು. ದಿನಾ ಬೆಳಿಗ್ಗೆ ಅವಳ ತಲೆಗಿಂತ ಸ್ವಲ್ಪ ಎತ್ತರದಲ್ಲಿ ಐದಾರು ಹೂವು.

"ಈ ಬಳ್ಳಿಗೆ ನನ್ನ ಮೇಲೆ ಕಣ್ಣಿದೆ," ಎಂದಳು ಒಂದು ದಿನ.

"ಬಳ್ಳಿಗೆ ಏನು ತಿಳಿಯುತ್ತೆ," ಎಂದೆ ನಾನು, ನೀರಿನ ಪೈಪಿಗೆ ಹೇಳುವ ಹಾಗೆ.

ಮೂವತ್ತನೇ ದಿನ ಅವಳು ತಡೆಯಲಾರದೆ ಕಾಗದ ಎತ್ತಿ ನೋಡಿದಳು. ಮುಚ್ಚಿದ್ದ ಅರ್ಧಕ್ಕೂ ತೆರೆದಿದ್ದ ಅರ್ಧಕ್ಕೂ ವ್ಯತ್ಯಾಸವೇ ಇರಲಿಲ್ಲ. ಐದು ಚೌಕಟ್ಟಿನಲ್ಲೂ.

"ನೋಡಿ! ನೋಡಿ ಕುರ್ಚಿಯವರೇ! ಒಂದು ಚೂರೂ ಮಾಸಿಲ್ಲ!" ಅವಳು ನನ್ನ ತೋಳು ಹಿಡಿದು ಎಳೆದಳು. ಹಿಡಿದದ್ದು ಗೊತ್ತಾಗಿ ಬಿಟ್ಟಳು. ನನ್ನ ಅಂಗಿಯ ತೋಳಿನ ಮೇಲೆ ನಾಲ್ಕು ನೀಲಿ ಬೆರಳು ಉಳಿದವು.

"ಒಳ್ಳೇದಾಯ್ತು," ಎಂದೆ. ಒಳ್ಳೆಯದು ಎಂದೇ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅವಳು ಹೋಗುತ್ತಾಳೆ ಎಂದು ಮಾತ್ರ ಅನ್ನಿಸಿತು. ಆ ಅಂಗಿಯನ್ನು ನಾನು ಒಗೆಯಲು ಹಾಕಲಿಲ್ಲ.

*

ಮೂವತ್ತಾರನೇ ದಿನ ಬೆತ್ತ ನೆನೆಹಾಕುವ ತೊಟ್ಟಿ ಸೋರತೊಡಗಿತು. ಮಧ್ಯಾಹ್ನ ಒಂದು ಗಂಟೆಗೆ ಅದನ್ನು ಬಿಸಿಲಿಗೆ ಒಣಗಿಸಲೆಂದು ಉರುಳಿಸಿಕೊಂಡು ಹಿತ್ತಲಿನ ಕಂಬದ ಹತ್ತಿರ ತಂದೆ. ಸಾಮಾನ್ಯವಾಗಿ ಆ ಹೊತ್ತಿನಲ್ಲಿ ನಾನು ಜಗಲಿ ಬಿಟ್ಟು ಏಳುವುದಿಲ್ಲ. ಕಂಬದ ಹತ್ತಿರ ಬಂದಾಗ ತಂಪಾಯಿತು. ಹಾಯಾಗಿದೆ ಎಂದುಕೊಂಡೆ. ಆಮೇಲೆ ತಲೆ ಎತ್ತಿ ನೋಡಿದೆ.

ಹೀರೆ ಬಳ್ಳಿ ಹಗ್ಗದ ಮೇಲೆ ಚಪ್ಪರವಾಗಿ ಹರಡಿಕೊಂಡಿತ್ತು. ಬೆಳಗಿನ ಓರೆ ಬಿಸಿಲು ಅದರ ಕೆಳಗೆ ನುಸುಳಿ ಚೌಕಟ್ಟುಗಳ ಮೇಲೆ ಬೀಳುತ್ತಿತ್ತು, ಅವಳು ನೋಡುತ್ತಿದ್ದದ್ದು ಅದನ್ನೇ. ನಡುಹಗಲಿನ ಬಿಸಿಲು ಅವನ್ನು ಮುಟ್ಟುತ್ತಲೇ ಇರಲಿಲ್ಲ. ಐದು ಹಸಿರುಗಳೂ ನೆರಳಿನಲ್ಲಿ ಆರಾಮಾಗಿ ತೂಗಾಡುತ್ತಿದ್ದವು. ಮಾಸುವುದಾದರೂ ಹೇಗೆ!

ನಾನು ಅಲ್ಲೇ ತೊಟ್ಟಿಯ ಅಂಚಿನ ಮೇಲೆ ಕೂತೆ. ಅವಳು ಈ ನೂಲನ್ನು ಕಳಿಸುತ್ತಾಳೆ. ಅವರು ಕರೆಯುತ್ತಾರೆ, ಅವಳು ಹೋಗುತ್ತಾಳೆ. ಅವಳ ಹಸಿರಿನಲ್ಲಿ ನೂರಾರು ಬಟ್ಟೆ ನೇಯ್ದಾದ ಮೇಲೆ, ಎರಡು ತಿಂಗಳಿಗೆ, ಉಟ್ಟವರ ಮೈಮೇಲೆ ಅದು ಮಾಸಿದರೆ? ಆರು ವರ್ಷದ ಹೆಸರು ಮಣ್ಣುಪಾಲು. ಈಗಲೇ ಹೇಳಿದರೆ ಅವಳು ಕಳಿಸುವುದಿಲ್ಲ. ಹೋಗುವುದೂ ಇಲ್ಲ.

ಹೇಳಬೇಕು ಎಂಬುದರಲ್ಲಿ ಸಂಶಯವಿರಲಿಲ್ಲ. ಆದರೂ ಎರಡು ದಿನ ಹೇಳಲಿಲ್ಲ.

ಎರಡನೇ ದಿನ ದೊಡ್ಡಮ್ಮ ಜಗಲಿಗೆ ಬಂದು, ನಾನು ಹೆಣೆಯುತ್ತಿದ್ದ ಕುರ್ಚಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಇದು ಮೂರನೇ ಸಲ ಬಿಚ್ಚಿ ಹೆಣೀತಿದ್ದೀಯ. ಏನಾಗಿದೆ?"

"ಏನಿಲ್ಲ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಬೊಗಳು."

ಹೇಳಿದೆ. ಅವಳು ಪೂರ್ತಿ ಕೇಳಿದಳು, ಅದೇ ಅಪರೂಪ.

"ಹೇಳಿದ್ರೆ ಅವಳು ಇಲ್ಲೇ ಉಳಿತಾಳೆ," ಎಂದಳು. "ನಿನಗೂ ಅದೇ ಬೇಕು."

"ಅದೇ ಕಷ್ಟ ದೊಡ್ಡಮ್ಮ. ನನ್ನ ಲಾಭಕ್ಕೆ ಹೇಳಿದ ಹಾಗಾಗುತ್ತೆ. ಬಳ್ಳಿ ಹಬ್ಬಿಸಿದವನೂ ನಾನೇ. ಬೇಕಂತಲೇ ಮಾಡಿದೆ ಅಂದ್ಕೊಂಡ್ರೆ?"

"ಅಂದ್ಕೊಳ್ಳಲಿ. ಬಣ್ಣ ಅವಳದು, ಮರ್ಯಾದೆ ಅವಳದು. ನಿನ್ನ ಮುಖ ಉಳಿಸಿಕೊಳ್ಳೋಕೆ ಅವಳದು ಕಳೀತೀಯಾ?" ಆಮೇಲೆ ಕುರ್ಚಿ ಕಡೆ ಬೆರಳು ತೋರಿಸಿದಳು. "ಅಲ್ಲಿ ಒಂದು ಎಳೆ ತಪ್ಪಿದೆ."

ನಿಜಕ್ಕೂ ತಪ್ಪಿತ್ತು.

*

ನಾನು ಶೆಡ್ಡಿನ ಬಾಗಿಲು ತಟ್ಟಿ, ಒಂದು ನಿಮಿಷ ಹೊರಗೆ ಬನ್ನಿ ಎಂದೆ. ಮಧ್ಯಾಹ್ನ ಒಂದು ಗಂಟೆ. ತೊಟ್ಟಿ ಬಿಟ್ಟು ಬರಲಾಗದು ಎಂದಳು. ನನ್ನ ಮುಖ ನೋಡಿ, ಒರಟು ಬಟ್ಟೆಗೆ ಕೈ ಒರೆಸಿಕೊಂಡು ಬಂದಳು.

ಕಂಬದ ಹತ್ತಿರ ನಿಲ್ಲಿಸಿದೆ. ಏನೂ ಹೇಳಬೇಕಾಗಲಿಲ್ಲ. ಅವಳು ಮೇಲೆ ನೋಡಿದಳು, ಚೌಕಟ್ಟುಗಳನ್ನು ನೋಡಿದಳು, ಕೈ ಚಾಚಿ ನೂಲನ್ನು ಮುಟ್ಟಿದಳು. ಅದು ತಣ್ಣಗಿತ್ತು.

"ಎಷ್ಟು ದಿನದಿಂದ?"

"ಬಳ್ಳಿ ಇಷ್ಟು ಹರಡಿ ಮೂರು ವಾರ ಆಗಿರಬಹುದು. ನಾನು ನೋಡಿದ್ದು ಮೊನ್ನೆ."

"ಮೊನ್ನೆ! ಮೊನ್ನೆ ನೋಡಿ ಇವತ್ತು ಹೇಳ್ತಿದ್ದೀರಾ?"

"ಹೌದು."

"ಈ ಬಳ್ಳಿ ಗೋಡೆ ಮೇಲಿತ್ತಲ್ಲ. ಕಂಬಕ್ಕೆ ಯಾರು ಹಬ್ಬಿಸಿದ್ದು?"

"ನಾನು."

"ಯಾಕೆ?"

"ಆ ಹಳದಿ ನಿಮ್ಮ ಹಂಡೇಲಿ ಬರಲ್ಲ ಅಂದ್ರಲ್ಲ. ಬೆಳಿಗ್ಗೆ ನೀವು ಬರೋ ಕಡೆ ಹೂ ಇರ್ಲಿ ಅಂತ."

ಅವಳು ತುಟಿ ಬಿಗಿಹಿಡಿದಳು. ಕಣ್ಣಲ್ಲಿ ನೀರಿತ್ತೋ ಸಿಟ್ಟಿತ್ತೋ, ನನಗೆ ನೇರ ನೋಡುವ ಧೈರ್ಯವಿರಲಿಲ್ಲ.

"ಎರಡು ದಿನ ಯಾಕೆ ಸುಮ್ಮನಿದ್ರಿ? ಅದು ಹೇಳಿ."

"ಹೇಳಿದ್ರೆ ನೀವು ಹೋಗಲ್ಲ. ನೀವು ಹೋಗಬಾರದು ಅಂತ ನನ್ನ ಆಸೆ. ಮೂವತ್ತು ದಿನದಿಂದ ಇರೋ ಆಸೆ. ಅದಕ್ಕೇ ಬಾಯಿ ಬರ್ಲಿಲ್ಲ. ನಿಜ ಹೇಳಿ ನನಗೇ ಲಾಭ ಆಗೋದು ನಾಚಿಕೆ ಅನ್ನಿಸ್ತು."

ಇಷ್ಟು ಮಾತು ನಾನು ಒಂದೇ ಉಸಿರಿನಲ್ಲಿ ಯಾರಿಗೂ ಹೇಳಿದವನಲ್ಲ. ಅವಳು ಐದು ಚೌಕಟ್ಟುಗಳನ್ನೂ ಒಂದೊಂದಾಗಿ ಹಗ್ಗದಿಂದ ಬಿಚ್ಚಿಕೊಂಡು ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದು ಅವಳ ನೀಲಿ ತೊಟ್ಟಿ ಕೆಟ್ಟುಹೋಯಿತಂತೆ, ದೊಡ್ಡಮ್ಮ ಹೇಳಿದಳು.

ನಾನು ಕುಡುಗೋಲು ತಂದು ಬಳ್ಳಿಯನ್ನು ಬುಡದಲ್ಲಿ ಕತ್ತರಿಸಿದೆ. ಹೂವಿತ್ತು, ಹೀಚಿತ್ತು, ದೊಡ್ಡಮ್ಮ ಕೆಂಪು ಚಿಂದಿ ಕಟ್ಟಿದ್ದ ದೊಡ್ಡ ಕಾಯಿಯೂ ಒಂದಿತ್ತು. ಅದು ಇನ್ನೂ ಬಲಿತಿರಲಿಲ್ಲ. ಅದನ್ನು ದೊಡ್ಡಮ್ಮನ ಮುಂದೆ ಇಟ್ಟು ಬೈಗುಳಕ್ಕೆ ಕಾದು ನಿಂತೆ. ಅವಳು ಚಿಂದಿ ಬಿಚ್ಚಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೋದ ವರ್ಷದ ಬೀಜ ಡಬ್ಬೀಲಿ ನಾಲ್ಕಿದೆ," ಎಂದಳು. "ಹೋಗು, ಕೈ ತೊಳ್ಕೋ."

ಆ ರಾತ್ರಿ ಊಟಕ್ಕೆ ಅದೇ ಹೀರೆಕಾಯಿ. ನಾರುನಾರಾಗಿತ್ತು. ಇಬ್ಬರೂ ಒಂದು ಚೂರೂ ಬಿಡದೆ ತಿಂದೆವು.

*

ಅವಳು ಸಂಘಕ್ಕೆ ಪತ್ರ ಬರೆದಳು. ಮಾಡಿದ ಪರೀಕ್ಷೆ ಸರಿಯಾಗಿಲ್ಲ, ಇನ್ನೂ ನಲವತ್ತು ದಿನ ಕೊಡಿ ಎಂದು. ಕೊಡುತ್ತೇವೆ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ, ಬೇರೆಯವರ ನೂಲೂ ಬಂದಿದೆ ಎಂದು ಉತ್ತರ ಬಂತು. ಇದನ್ನೆಲ್ಲ ನನಗೆ ಹೇಳಿದ್ದು ದೊಡ್ಡಮ್ಮ. ಬಣ್ಣದವಳು ನನ್ನ ಜೊತೆ ಮಾತಾಡುತ್ತಿರಲಿಲ್ಲ. ನಾನು ಮತ್ತೆ ಆರು ಗಂಟೆಗೇ ಗಿಡಕ್ಕೆ ನೀರು ಹಾಕತೊಡಗಿದೆ.

ಉತ್ತರ ಬಂದ ಮರುದಿನ ಅವಳು ಜಗಲಿಗೆ ಬಂದು ನಿಂತಳು.

"ತುಕ್ಕು ಹಿಡಿದ ಮೊಳೆ ಇದ್ಯಾ?"

ಹಳೆ ಕುರ್ಚಿಗಳಿಂದ ಕಿತ್ತ ಮೊಳೆಗಳನ್ನು ನಾನು ಎಸೆಯುವುದಿಲ್ಲ. ಹತ್ತು ವರ್ಷದ ಮೊಳೆ ಒಂದು ಡಬ್ಬಿಯಲ್ಲಿ ಕೂತಿದ್ದವು. "ಎಷ್ಟು ಬೇಕು?"

"ಎಲ್ಲಾ."

ಡಬ್ಬಿ ಕೊಟ್ಟೆ. ಅವಳು ಅದನ್ನು ಅಲ್ಲಾಡಿಸಿ ಸದ್ದು ಕೇಳಿದಳು. ಹೊರಟವಳು ಮೆಟ್ಟಿಲ ಮೇಲೆ ನಿಂತು, ತಿರುಗದೆ ಹೇಳಿದಳು. "ಚೌಕಟ್ಟು ಇನ್ನೊಂದು ಬೇಕು. ಈ ಸಲ ಆರು."

"ಸಂಜೆಗೆ ಕೊಡ್ತೀನಿ."

"ಮತ್ತೆ, ಏಳು ಗಂಟೆಗೆ ನೀರು ಹಾಕಿ. ಆರು ಗಂಟೆಗೆ ಪೈಪಿನ ಸದ್ದಿಗೆ ನನಗೆ ನಿದ್ದೆ ಕೆಡುತ್ತೆ."

ಮೊಳೆಗಳನ್ನು ವಿನಿಗರಿನಲ್ಲಿ ಹಾಕಿಟ್ಟು, ಆ ತುಕ್ಕು ನೀರಿಗೆ ದಾಳಿಂಬೆ ಸಿಪ್ಪೆಯಲ್ಲಿ ಬೆಂದ ನೂಲನ್ನು ಅದ್ದಿದಳಂತೆ. ಆರನೇ ಚೌಕಟ್ಟಿನ ಬಣ್ಣವನ್ನು ಹಸಿರೆಂದು ಕರೆಯಲು ಸ್ವಲ್ಪ ಔದಾರ್ಯ ಬೇಕಿತ್ತು. ಕಪ್ಪು ಬೆರೆತ, ಗಂಭೀರ ಹಸಿರು. ದೊಡ್ಡಮ್ಮ ಅದನ್ನು ನೋಡಿ, "ಇದಕ್ಕೇನು, ಮೊದಲೇ ಮುಪ್ಪು ಬಂದಿದೆ," ಎಂದಳು.

ಈ ನಲವತ್ತು ದಿನ ನಾನು ಬಿಸಿಲು ಕಾದೆ. ಹತ್ತಕ್ಕೊಮ್ಮೆ, ಒಂದಕ್ಕೊಮ್ಮೆ, ಮೂರಕ್ಕೊಮ್ಮೆ ಹಿತ್ತಲಿಗೆ ಹೋಗಿ, ಹಗ್ಗದ ಮೇಲೆ ಯಾವುದರ ನೆರಳೂ ಬೀಳದಂತೆ ನೋಡಿಕೊಂಡೆ. ದಾಳಿಂಬೆಯ ಒಂದು ಕೊಂಬೆ ಕಡಿದೆ. ಒಗೆದ ಬೆಡ್‌ಶೀಟನ್ನು ದೊಡ್ಡಮ್ಮ ಆ ಕಡೆ ಒಣಹಾಕಿದರೆ ತೆಗೆದು ಈ ಕಡೆ ಹಾಕಿದೆ. ಬಣ್ಣ ನಿಂತರೆ ಅವಳು ಹೋಗುತ್ತಾಳೆ ಎಂಬುದು ನನಗೆ ದಿನಕ್ಕೆ ಮೂರು ಹೊತ್ತು ನೆನಪಾಗುತ್ತಿತ್ತು, ಆದರೂ ಹೋಗಿ ನೋಡುತ್ತಿದ್ದೆ. ಅವಳು ಶೆಡ್ಡಿನ ಕಿಟಕಿಯಿಂದ ಇದನ್ನು ನೋಡುತ್ತಿದ್ದಳಂತೆ. ಆ ಕಿಟಕಿಗೆ ಅಡ್ಡವಾಗಿದ್ದ ನೂಲಿನ ಮೂಟೆಗಳನ್ನು ಅವಳು ಯಾವಾಗ ಸರಿಸಿದಳೋ ನಾನು ಗಮನಿಸಿರಲಿಲ್ಲ.

ನಲವತ್ತನೇ ದಿನ ಮೂವರೂ ಕಂಬದ ಹತ್ತಿರ ನಿಂತೆವು. ಅವಳು ಕಾಗದ ಎತ್ತಿದಳು. ಮೊದಲನೆಯದು ಮಾಸಿತ್ತು. ಹಳದಿ ಹಾರಿಹೋಗಿ, ಹಸಿರಿನ ಜಾಗದಲ್ಲಿ ತೆಳು ನೀಲಿ ಉಳಿದಿತ್ತು. ಎರಡನೆಯದೂ ಹಾಗೇ. ಮೂರು, ನಾಲ್ಕು, ಐದು. ಅವಳ ಕೈ ಪ್ರತಿ ಸಲವೂ ಸ್ವಲ್ಪ ನಿಧಾನವಾಯಿತು.

"ಹೇಳದೇ ಇದ್ದಿದ್ರೆ ಇದನ್ನೇ ಕಳಿಸ್ತಿದ್ದೆ," ಎಂದಳು. ನನಗೆ ಹೇಳಿದಳೋ ತನಗೆ ಹೇಳಿಕೊಂಡಳೋ.

ಆರನೆಯದರ ಕಾಗದ ಎತ್ತಿದಳು. ಎರಡು ಅರ್ಧಕ್ಕೂ ವ್ಯತ್ಯಾಸವಿರಲಿಲ್ಲ. ಬೆಳಕಿಗೆ ಹಿಡಿದಳು, ನೆರಳಿಗೆ ಹಿಡಿದಳು, ದೊಡ್ಡಮ್ಮನ ಕಣ್ಣಿಗೆ ಹಿಡಿದಳು. ಇಲ್ಲ.

"ಮುಪ್ಪು ಬಂದಿದ್ದೇ ನಿಂತಿದೆ ನೋಡು!" ಎಂದಳು ದೊಡ್ಡಮ್ಮ.

"ಇದು ನಿಮ್ಮ ಮೊಳೆ," ಎಂದು ಬಣ್ಣದವಳು ನನ್ನ ಕಡೆ ತಿರುಗಿ ನಕ್ಕಳು. ಎಂಟು ವಾರವಾಗಿತ್ತು ಆ ನಗು ನೋಡಿ.

ಮಾಸಿದ ಐದನ್ನೂ ಮಾಸದ ಒಂದನ್ನೂ ಸೇರಿಸಿ ಕಳಿಸಿದಳು. ಒಂಬತ್ತು ದಿನಕ್ಕೆ ಉತ್ತರ ಬಂತು. ಕಪ್ಪು ಹಸಿರು ನಮಗೆ ಬೇಕು, ಬನ್ನಿ. ಏಳು ತಿಂಗಳು ಇಲ್ಲಿದ್ದು ನಮ್ಮವರಿಗೆ ಕಲಿಸಿಕೊಡಿ. ಆಮೇಲೆ ಇಲ್ಲೇ ಇರುತ್ತೀರೋ, ನಾವು ನೂಲು ಕಳಿಸಿದರೆ ನಿಮ್ಮ ಹಂಡೆಯಲ್ಲೇ ಬಣ್ಣ ಹಾಕಿ ಕೊಡುತ್ತೀರೋ, ನಿಮ್ಮ ಇಷ್ಟ.

*

ಹೊರಡುವ ದಿನ ಬೆಳಿಗ್ಗೆ ಏಳಕ್ಕೆ ನಾನು ಗಿಡಕ್ಕೆ ನೀರು ಹಾಕುತ್ತಿದ್ದೆ. ಅವಳ ಚೀಲ ಗೇಟಿನ ಹತ್ತಿರ ಇತ್ತು. ಕೈ ಸ್ವಚ್ಛವಾಗಿ ತೊಳೆದಿದ್ದಳು, ಉಗುರಿನ ಅಂಚಲ್ಲಿ ಮಾತ್ರ ನೀಲಿ ಉಳಿದಿತ್ತು. ಮಡಿಯಲ್ಲಿ ಎರಡನೇ ಸಲ ಬಿತ್ತಿದ್ದ ಮೂಲಂಗಿಗಳನ್ನೆಲ್ಲ ಕಿತ್ತು ತೊಳೆದು ಕಟ್ಟು ಮಾಡಿ ಜಗಲಿಯ ಮೇಲಿಟ್ಟಿದ್ದಳು.

"ಎಂಟು ದಿನಕ್ಕೆ ಸಾಕಾಗುತ್ತೆ," ಎಂದಳು.

"ಏಳು ತಿಂಗಳಿಗೆ?"

ಅವಳು ಹತ್ತಿರ ಬಂದಳು. ನಾನು ಪೈಪನ್ನು ಬದನೆ ಗಿಡದ ಬುಡದಲ್ಲಿ ಬಿಟ್ಟೆ.

"ಅವತ್ತು ಮಧ್ಯಾಹ್ನ ನೀನೊಂದು ಮಾತು ಹೇಳಿದ್ದೆ. ಹೋಗಬಾರದು ಅಂತ ಆಸೆ ಅಂತ. ನಾನು ಏನೂ ಹೇಳ್ಲಿಲ್ಲ."

"ಹೇಳಲೇಬೇಕು ಅಂತೇನಿಲ್ಲ."

"ಸುಮ್ಮನಿರು. ಅವತ್ತು ಕೋಪ ಇತ್ತು. ಬಳ್ಳಿ ಮೇಲಲ್ಲ, ಆ ಎರಡು ದಿನದ ಮೇಲೆ. ಆಮೇಲೆ ನಲವತ್ತು ದಿನ ನೀನು ಬಿಸಿಲಲ್ಲಿ ನಿಂತು ನನ್ನನ್ನ ಕಳಿಸೋಕೆ ಒದ್ದಾಡಿದ್ದನ್ನ ನೋಡಿದೆ. ಯಾರೂ ನನಗೋಸ್ಕರ ಹಂಗೆ ಮಾಡಿಲ್ಲ. ನನಗೂ ನಿನ್ನ ಬಿಟ್ಟು ಹೋಗೋಕೆ ಇಷ್ಟ ಇಲ್ಲ. ಹೋಗಿ ಬರ್ತೀನಿ. ಬರ್ತೀನಿ ಅನ್ನೋದು ಸುಮ್ಮನೆ ಬಾಯಿಮಾತಿಗೆ ಹೇಳ್ತಿಲ್ಲ."

ಅವಳು ಜೇಬಿನಿಂದ ಒಂದೆಳೆ ದಾರ ತೆಗೆದಳು. ಕಪ್ಪು ಹಸಿರು. ನನ್ನ ಅಂಗಿಯ ಎರಡನೇ ಗುಂಡಿಗೆ ಸುತ್ತಿ, ಎರಡು ಗಂಟು ಹಾಕಿ, ತುದಿಯನ್ನು ಹಲ್ಲಿನಿಂದ ಕಡಿದಳು. ಅವಳ ತಲೆ ನನ್ನ ಗಲ್ಲದ ಕೆಳಗಿತ್ತು. ಕೂದಲಿನಲ್ಲಿ ಈರುಳ್ಳಿ ಸಿಪ್ಪೆಯ ಹೊಗೆಯ ವಾಸನೆ. ಆ ವಾಸನೆ ನನಗೆ ಇಷ್ಟು ಬೇಕಾಗಿದೆ ಎಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

"ಇದರ ಅರ್ಥ ಗೊತ್ತಲ್ಲ?"

"ಎಂಟು ದಿನ ಮೂಲಂಗಿ ತಿಂದೋನಿಗೆ ಗೊತ್ತಿಲ್ದೆ ಇರುತ್ತಾ?"

ಅವಳು ನಗುತ್ತಾ ಕಣ್ಣು ಒರೆಸಿಕೊಂಡಳು. ಬದನೆಯ ಮಡಿ ತುಂಬಿ ನೀರು ನಮ್ಮ ಕಾಲ ಬುಡಕ್ಕೆ ಬಂದಿತ್ತು. ರೈಲಿಗೆ ಹೊತ್ತಾಯಿತು ಎಂದು ಒಳಗಿನಿಂದ ದೊಡ್ಡಮ್ಮ ಕೂಗಿದಳು.

ಅವಳನ್ನು ಕಳಿಸಿ ಬಂದು, ನಾನು ಜಗಲಿಯ ಒಳ ಮೂಲೆಯಲ್ಲಿ ಕೆಲಸಕ್ಕೆ ಕೂತೆ. ದೊಡ್ಡಮ್ಮ ಮೂಲಂಗಿ ಎತ್ತಿಕೊಳ್ಳಲು ಬಂದವಳು ನನ್ನ ಗುಂಡಿಯನ್ನು ನೋಡಿದಳು. ಬಗ್ಗಿ, ದಾರದ ಗಂಟನ್ನು ಎರಡು ಬೆರಳಲ್ಲಿ ಹಿಡಿದು, ಬಿಗಿಯಾಗಿದೆಯೇ ಎಂದು ಎಳೆದು ನೋಡಿದಳು. ಮೂಲಂಗಿಯ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ನನ್ನ ಕುರ್ಚಿಯ ಬೆನ್ನು ಹಿಡಿದು ಅಂಗಳದ ಕಡೆ ಎಳೆದಳು.

"ಬಿಸಿಲಲ್ಲಿ ಕೂತ್ಕೋ," ಎಂದಳು. "ಬೀಜಕ್ಕೆ ಬಿಟ್ಟದ್ದು ನೆರಳಲ್ಲಿ ಇಟ್ರೆ ಕೊಳೆಯುತ್ತೆ."